ಯಾವಾಗ ಅಂತ ಕೇಳಬೇಕಿತ್ತು

ಅವತ್ತು ನಾನು ಕೌನ್ಸೆಲರ್ ಆಗಿರುವ ಐಸಿಟಿಸಿ, ಅಂದರೆ ಎಚ್‌ಐವಿ ಟೆಸ್ಟ್ ಮತ್ತು ಆಪ್ತಸಲಹೆಯ ಕೇಂದ್ರ, ಮುಚ್ಚುವ ಹೊತ್ತು. ಹೊಸನಗರ ಕಡೆಯ ಹುಡುಗಿ, ಇಪ್ಪತ್ತರ ಆಸುಪಾಸು. ಶಿವಮೊಗ್ಗದಲ್ಲಿ ಗಾರ್ಮೆಂಟ್ಸ್ ಕೆಲಸ, ಪಿಜಿಯಲ್ಲಿ ವಾಸ. "ಸುಮ್ನೆ ಒಂದ್ಸಲ ಟೆಸ್ಟ್ ಮಾಡ್ಸಣ ಅಂತ ಬಂದೆ ಅಕ್ಕಾ" ಅಂದಳು. ಅರ್ಧ ದಿನದ ಸಂಬಳ ಬಿಟ್ಟು ಸುಮ್ಮನೆ ಯಾರೂ ಬರುವುದಿಲ್ಲ. ಅದು ನನಗೆ ಹೊಳೆಯಬೇಕಿತ್ತು.

"ಮದುವೆ ಆಗಿದ್ಯೇನಮ್ಮ?"

"ಇಲ್ಲ."

ಮುಂದಿನ ಪ್ರಶ್ನೆ ಕೇಳಲು ನನಗೇ ಸಂಕೋಚವಾಯಿತು. ರಿಪೋರ್ಟ್ ನಾನ್‌ರಿಯಾಕ್ಟಿವ್, ಅಂದರೆ ಟೆಸ್ಟಿನಲ್ಲಿ ಸೋಂಕು ಕಂಡಿಲ್ಲ. "ಏನೂ ಇಲ್ಲ, ಹೆದರ್ಬೇಡ" ಅಂದು ಕಳಿಸಿಬಿಟ್ಟೆ. ಲೈಂಗಿಕ ಸಂಪರ್ಕವಾಗಿ ಕೆಲವೇ ವಾರ ಆಗಿದ್ದರೆ ಸೋಂಕಿದ್ದರೂ ಟೆಸ್ಟಿನಲ್ಲಿ ಕಾಣದೆ ಹೋಗಬಹುದು, ಮೂರು ತಿಂಗಳಿಗೆ ಮತ್ತೆ ಬಾ ಅನ್ನಬೇಕು. ಲಾರಿ ಡ್ರೈವರ್‌ಗಳಿಗೆ ನಿದ್ದೆಗಣ್ಣಲ್ಲೂ ಹೇಳುವ ಮಾತು ಅದು. ಅವಳಿಗೆ ಹೇಳಲಿಲ್ಲ.

ಏಳು ತಿಂಗಳಾದ ಮೇಲೆ ಅವಳೇ ಬಂದಳು. ಅವಳು ಪ್ರೀತಿಸಿದ ಹುಡುಗನಿಗೆ ಪಾಸಿಟಿವ್ ಬಂದಿತ್ತು.

ಮೊದಲ ಕಿಟ್ ರಿಯಾಕ್ಟಿವ್. ಲ್ಯಾಬ್‌ನವರು ಎರಡನೆಯದು ತೆಗೆದರು, ಆಮೇಲೆ ಮೂರನೆಯದು. ಅವಳು ದುಪಟ್ಟಾದ ಅಂಚು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ನನ್ನ ಬಾಯಿ ಒಣಗಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಅಂದಳು: "ಅವತ್ತು ನಾನು ಬಂದಾಗ ಆಗಿ ಹದಿನೈದು ದಿನ ಆಗಿತ್ತಕ್ಕಾ. ನೀವು ಕೇಳ್ಲಿಲ್ಲ. ಏನೂ ಇಲ್ಲ ಅಂದ್ರಿ, ನಂಬ್ಕೊಂಡೆ."

ಮೂರೂ ರಿಯಾಕ್ಟಿವ್. ಸೋಂಕು ಖಚಿತ.

ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಕೂಡಲೇ ಶುರುವಾಯಿತು. ದಿನಕ್ಕೊಂದು ಮಾತ್ರೆ, ತಪ್ಪಿಸಿಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಈಗ ಸಂಪೂರ್ಣ ಹತೋಟಿಯಲ್ಲಿದೆ. ಹೀಗಿರುವವರೆಗೆ ಲೈಂಗಿಕ ಸಂಪರ್ಕದಿಂದ ಅವಳಿಂದ ಯಾರಿಗೂ ಹರಡುವುದಿಲ್ಲ. ಆದರೂ ಆ ಏಳು ತಿಂಗಳು ನನ್ನ ಲೆಕ್ಕದಲ್ಲೇ ಇವೆ.

ನಮ್ಮಜ್ಜ ಭದ್ರಾವತಿ ಕಬ್ಬಿಣದ ಕಾರ್ಖಾನೆ ಸೇರಿದಾಗ ಕ್ವಾರ್ಟರ್ಸ್ ಸಿಕ್ಕಿತ್ತು, ಸಂಸಾರ ಸಮೇತ ಬಂದರು. ಈಗ ಅಡಿಕೆ ತೋಟದ ಕೂಲಿ ಬಿಟ್ಟು ಬರುವ ಮಕ್ಕಳಿಗೆ ಸಿಗುವುದು ಪಿಜಿಯ ಒಂದು ಮಂಚ, ಶಿಫ್ಟು, ಕೈಗೆ ಮೊದಲ ಸಂಬಳ. ಪ್ರೀತಿಸುತ್ತಾರೆ, ಅದು ತಪ್ಪಲ್ಲ. ಕಾಂಡೋಮ್ ಬೇಕು ಅನ್ನುವ ಧೈರ್ಯ ಮನೆಯಲ್ಲಿ ಯಾರೂ ಕಲಿಸಿರುವುದಿಲ್ಲ, ಶಾಲೆಯಲ್ಲಿ ಆ ಪಾಠವನ್ನು ಹಾರಿಸಿರುತ್ತಾರೆ. ನಮ್ಮ ಫಾರ್ಮ್ಯಾಟಿನಲ್ಲಿ ಟ್ರಕ್ಕರ್, ವಲಸೆ ಕಾರ್ಮಿಕ ಅಂತೆಲ್ಲ ಕಾಲಂ ಇದೆ, ಇವಳನ್ನು ಎಲ್ಲಿ ಬರೆಯಲಿ? ಮೀಟಿಂಗಿನಲ್ಲಿ ಕೇಳಿದರೆ "ಟಾರ್ಗೆಟ್ ಎಷ್ಟಾಯ್ತು ಹೇಳಿ" ಅಂತಾರೆ.

ಈಗ ಮದುವೆಯ ಪ್ರಶ್ನೆಯನ್ನು ಕೊನೆಗಿಟ್ಟಿದ್ದೇನೆ. ಬಾಗಿಲು ಹಾಕಿ ಮೊದಲು "ಯಾವಾಗ ಆಯ್ತು?" ಅಂತ ಕೇಳುತ್ತೇನೆ. ಮೂರು ತಿಂಗಳ ತಾರೀಖನ್ನು ಅವರ ಮೊಬೈಲಿನಲ್ಲಿ ಅವರ ಕೈಯಲ್ಲೇ ಹಾಕಿಸುತ್ತೇನೆ. ಪಿಜಿಗಳಲ್ಲಿ ಸಂಜೆ ಏಳರ ಮೇಲೆ ಕ್ಯಾಂಪ್ ಮಾಡಲು ಅನುಮತಿ ಕೇಳಿ ಎರಡು ಸಲ ಪತ್ರ ಬರೆದಾಯಿತು. ಉತ್ತರ ಬಂದಿಲ್ಲ, ಮೂರನೆಯದು ಬರೆಯುತ್ತಿದ್ದೇನೆ.