ನಾರಿಚ್‌ನ ಆ ಚಿಕ್ಕ ಕೋಣೆ

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ನಾರಿಚ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. ಅಷ್ಟೂ ಹೊತ್ತು ಕಿಟಕಿಯಾಚೆ ಏನಿತ್ತು ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅಕ್ಕನ ಬಯಾಪ್ಸಿ ರಿಪೋರ್ಟ್ ಬರುವುದಿತ್ತು. ಫೋನ್ ತೆಗೆಯುವುದು, ನೋಡುವುದು, ಮತ್ತೆ ಜೇಬಿಗೆ ಹಾಕುವುದು, ಇಷ್ಟೇ ಕೆಲಸ. "ಹೋಗ್ಬಾರೋ, ಇಲ್ಲಿ ಕೂತು ನೀನೇನು ಕಡಿದು ಹಾಕ್ತೀಯ" ಅಂತ ಬೈದು ಕಳಿಸಿದ್ದವಳೂ ಅವಳೇ.

ಕಿಂಗ್ ಸ್ಟ್ರೀಟಿನ ಪಕ್ಕದ ಸಣ್ಣ ಓಣಿಯಲ್ಲಿ ಸೇಂಟ್ ಜೂಲಿಯನ್ ಚರ್ಚ್ ಇದೆ. ಸುಮಾರು 600 ವರ್ಷದ ಹಿಂದೆ ಇದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದಳು. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಚರ್ಚಿನ ಹೆಸರಲ್ಲೇ ಜೂಲಿಯನ್ ಅನ್ನುತ್ತಾರೆ. 1349ರಲ್ಲಿ ಊರಿಗೆ ಪ್ಲೇಗ್ ಬಂದಾಗ ಅವಳಿಗೆ ಆರೇಳು ವರ್ಷ. 1373ರ ಮೇ ತಿಂಗಳಲ್ಲಿ ಅವಳೇ ಸಾಯುವ ಹಾಗಾದಳು. ಆಗ ಕಂಡ ದರ್ಶನಗಳನ್ನು ಬರೆದಿಟ್ಟಳು. ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಬರೆದದ್ದೆಂದು ಗೊತ್ತಿರುವ, ನಮಗೆ ಉಳಿದಿರುವ ಪುಸ್ತಕಗಳಲ್ಲಿ ಅದೇ ಅತಿ ಹಳೆಯದು.

ಪ್ರಾರ್ಥನೆಗೆಂದೇ ಹೀಗೆ ಚರ್ಚಿನ ಕೋಣೆ ಸೇರುತ್ತಿದ್ದವರು ಒಮ್ಮೆ ಒಳಗೆ ಹೋದರೆ ಜೀವ ಇರುವವರೆಗೆ ಹೊರಗೆ ಬರುವಂತಿರಲಿಲ್ಲ. ಕೋಣೆಗೆ ಸಾಮಾನ್ಯವಾಗಿ ಮೂರು ಕಿಟಕಿ: ಪೂಜೆ ನೋಡಲು ಚರ್ಚಿನ ಕಡೆಗೊಂದು, ಊಟ ತರುವ ಕೆಲಸದವಳಿಗೊಂದು, ಕಷ್ಟ ಹೇಳಿಕೊಳ್ಳಲು ಬಂದವರಿಗೊಂದು. ಬೆಕ್ಕು ಸಾಕಲು ಮಾತ್ರ ಅಡ್ಡಿ ಇರಲಿಲ್ಲವಂತೆ.

ಈಗಿನದು ಹಳೆಯ ಕೋಣೆಯಲ್ಲ. ಅದನ್ನು ಎಂದೋ ಕೆಡವಿದ್ದರು. 1942ರಲ್ಲಿ ಬಾಂಬ್ ಬಿದ್ದು ಚರ್ಚೂ ಹೋಯಿತು. 1953ರಲ್ಲಿ ಚರ್ಚ್ ಮತ್ತೆ ಎದ್ದು ನಿಂತಾಗ, ಕೋಣೆಯನ್ನೂ ಹೊಸದಾಗಿ ಕಟ್ಟಿದ್ದರು. ಇದು ಗೊತ್ತಾದಾಗ ಸ್ವಲ್ಪ ಪಿಚ್ಚೆನಿಸಿತು, ನಿಜ.

ಒಳಗೆ ಯಾರೂ ಇರಲಿಲ್ಲ. ಕೈ ಮುಗಿಯಬೇಕೋ ಮೊಣಕಾಲೂರಬೇಕೋ ತಿಳಿಯದೆ ಬೆಂಚಿನ ತುದಿಯಲ್ಲಿ ಸುಮ್ನೆ ಕೂತೆ. ಎಲ್ಲವೂ ಒಳ್ಳೆಯದೇ ಆಗುತ್ತದೆ ಅಂತ ಜೂಲಿಯನ್ ಬರೆದದ್ದು ಜಗತ್ತಿಗೇ ಗೊತ್ತು. ನನಗೆ ಆ ಮಾತಿನ ಮೇಲೆ ಸಿಟ್ಟೇ ಇತ್ತು. ಒಂದು ವಾರದಿಂದ ಎಲ್ಲರೂ ಅದನ್ನೇ ಹೇಳಿದ್ದರಲ್ಲ! ಆದರೆ ಅವಳು ಇನ್ನೊಂದನ್ನೂ ಬರೆದಿದ್ದಾಳೆ. ಬಿರುಗಾಳಿ ಬರುವುದಿಲ್ಲ, ದಣಿವಾಗುವುದಿಲ್ಲ ಅಂತ ದೇವರು ಅವಳಿಗೆ ಹೇಳಲಿಲ್ಲವಂತೆ. ನೀನು ಸೋಲುವುದಿಲ್ಲ ಅಂದನಂತೆ. ಪ್ಲೇಗ್ ಕಂಡವಳು ಬರೆದದ್ದು. ಸುಮ್ಮನೆ ಬೆನ್ನು ತಟ್ಟುವ ಮಾತಲ್ಲ ಅನ್ನಿಸಿತು.

ಅಕ್ಕನ ಹೆಸರನ್ನು ಮೆಲ್ಲಗೆ, ಬಾಯಿ ಬಿಟ್ಟೇ ಹೇಳಿದೆ. ಅದರ ಮುಂದೆ ಏನು ಬೇಡಿಕೊಳ್ಳಬೇಕೋ ಹೊಳೆಯಲಿಲ್ಲ. ಇನ್ನೊಮ್ಮೆ ಹೆಸರನ್ನೇ ಹೇಳಿದೆ. ಎದ್ದಾಗ ಗಡಿಯಾರ ನೋಡಿದರೆ ಮುಕ್ಕಾಲು ಗಂಟೆ ಕಳೆದಿತ್ತು. ಫೋನ್ ಜೇಬಿನಲ್ಲೇ ಇತ್ತು.

ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಓಣಿಯಲ್ಲಿ ನಿಂತು ಅಕ್ಕನಿಗೆ ಕರೆ ಮಾಡಿದೆ. ಕೋಣೆಯದು, ಕಿಟಕಿಯದು, ಬೆಕ್ಕಿನದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಸರಿ ಕಣೋ, ಬೆಕ್ಕು ಯಾವ ಕಿಟಕಿಯಿಂದ ಓಡಾಡ್ತಿತ್ತಂತೆ?"