ಪಿಸ್ಟನ್ಸ್ ಗೆದ್ದ ರಾತ್ರಿ ಕಾರಿನಲ್ಲಿ ನಡೆದ ವಾದ

2023ರ ಡಿಸೆಂಬರ್ 30ರ ರಾತ್ರಿ ನಮ್ಮ ಬಾಸ್ಕೆಟ್‌ಬಾಲ್ ತಂಡ ಡೆಟ್ರಾಯ್ಟ್ ಪಿಸ್ಟನ್ಸ್, ಟೊರಾಂಟೊ ರಾಪ್ಟರ್ಸ್ ಎದುರು 129-127ರಲ್ಲಿ ಗೆದ್ದಿತು. ಬರೀ ಎರಡು ಪಾಯಿಂಟಿನ ಗೆಲುವು. ಆದರೆ ಅದಕ್ಕೂ ಹಿಂದಿನ 28 ಪಂದ್ಯಗಳನ್ನು ನಾವು ಒಂದರ ಹಿಂದೊಂದು ಸೋತಿದ್ದೆವು. ಅಕ್ಟೋಬರ್ 30ರಿಂದ ಡಿಸೆಂಬರ್ 28ರವರೆಗೆ ಒಂದೇ ಒಂದು ಗೆಲುವಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇತಿಹಾಸದಲ್ಲಿ ಒಂದೇ ಸೀಸನ್ನಿನೊಳಗೆ ಯಾವ ತಂಡವೂ ಹೀಗೆ ಸೋತಿರಲಿಲ್ಲ. ಆ ರಾತ್ರಿ ಲಿಟಲ್ ಸೀಸರ್ಸ್ ಅರೀನಾದಲ್ಲಿ ನಾವು ನಾಲ್ಕು ಜನ ಇದ್ದೆವು. ನಾನು, ಭಾವ, ಹೈಸ್ಕೂಲಿನಲ್ಲಿ ಓದುತ್ತಿದ್ದ ಅಕ್ಕನ ಮಗ, ಮತ್ತೆ ನಮ್ಮ ಆಫೀಸಿನ ಒಬ್ಬ ಹಿರಿಯರು. ಅವರು ಡೆಟ್ರಾಯ್ಟಿನಲ್ಲೇ ಹುಟ್ಟಿ ಬೆಳೆದವರು.

ಆಟದ ವಿವರಕ್ಕೆ ಹೋಗಲ್ಲ. ನಮ್ಮ ತಂಡದ ಸ್ಟಾರ್ ಕೇಡ್ ಕನ್ನಿಂಗ್‌ಹ್ಯಾಮ್ 30 ಪಾಯಿಂಟ್ ಹೊಡೆದು 12 ಅಸಿಸ್ಟ್ (ಬುಟ್ಟಿಗೆ ಹಾಕುವವನಿಗೆ ಕೊಡುವ ಪಾಸ್) ಕೊಟ್ಟ. ಕೊನೆಯ ನಿಮಿಷಗಳಲ್ಲಿ ನನ್ನ ಕೈ ತಣ್ಣಗಾಗಿತ್ತು. ಎರಡು ದಿನದ ಹಿಂದಷ್ಟೇ ಬಾಸ್ಟನ್ನಿನಲ್ಲಿ 21 ಪಾಯಿಂಟ್ ಮುಂದಿದ್ದು, ಓವರ್‌ಟೈಮಿನಲ್ಲಿ ಸೋತು ಬಂದ ತಂಡ ಅಲ್ವಾ ಇದು? ಬಜರ್ ಬಡಿದಾಗ ಜನ ಕುರ್ಚಿ ಬಿಟ್ಟೆದ್ದು ಕೂಗಿದರು. ಡಿಸೆಂಬರ್ 26ರಂದು ಇದೇ ಅಂಗಳದಲ್ಲಿ ಬ್ರೂಕ್ಲಿನ್ ನೆಟ್ಸ್ ಎದುರು ಸೋತು ದಾಖಲೆಯಾದ ದಿನ ‘ತಂಡ ಮಾರಿ’ ಅಂತ ಮಾಲೀಕರಿಗೆ ಕೇಳುವ ಹಾಗೆ ಕೂಗಿದ್ದೂ ಇದೇ ಊರಿನ ಜನ. ಅವತ್ತು ಕೇಡ್ ಒಬ್ಬನೇ 41 ಪಾಯಿಂಟ್ ಹೊಡೆದಿದ್ದ. ಆದರೂ ಸೋತೆವು. ಆ 41 ಪಾಯಿಂಟೇ ನಮ್ಮ ವಾದಕ್ಕೆಲ್ಲ ಬೀಜ.

ಕಾರು ಪಾರ್ಕಿಂಗಿನಿಂದ ಹೊರಗೆ ಬರುವ ಮೊದಲೇ ಭಾವ ಶುರು ಮಾಡಿದರು.

"ಈ ಗೆಲುವು ಲೆಕ್ಕಕ್ಕಿಲ್ಲ ಕಣೋ. ಅವರ ಟೀಮಲ್ಲಿ ಆಡೋಕೆ ಜನಾನೇ ಇರಲಿಲ್ಲ."

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದೇ ದಿನ ಟೊರಾಂಟೊದವರು ಓಜಿ ಅನುನೋಬಿ, ಪ್ರೆಶಸ್ ಅಚಿಯುವಾ, ಮಲಾಕೈ ಫ್ಲಿನ್ ಮೂವರನ್ನೂ ನ್ಯೂಯಾರ್ಕ್ ನಿಕ್ಸ್‌ಗೆ ಕೊಟ್ಟಿದ್ದರು. ಬದಲಿಗೆ ಬರಬೇಕಾದ ಆಟಗಾರರು ಇನ್ನೂ ಬಂದು ಸೇರಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಎರಡು ತಿಂಗಳು ಗೆಲುವನ್ನೇ ಕಾಣದ ಹುಡುಗರು ಗೆದ್ದಿದ್ದಾರೆ, ಒಂದು ರಾತ್ರಿಯಾದರೂ ಸುಮ್ನೆ ಖುಷಿಪಡೋಣ ಅಂತ ನನ್ನ ಆಸೆ.

ಭಾವನ ಮಾತು ಯಾವಾಗಲೂ ಒಂದೇ. ಕೇಡ್ ಒಬ್ಬನನ್ನು ಇಟ್ಟುಕೊಂಡು ಉಳಿದವರನ್ನೆಲ್ಲ ಮಾರಿಬಿಡಬೇಕು. ಬೋಯಾನ್ ಬೊಗ್ಡಾನೊವಿಚ್, ಅಲೆಕ್ ಬರ್ಕ್ಸ್ ತರಹದ ಅನುಭವಿಗಳಿಗೆ ಬೇರೆ ತಂಡಗಳಲ್ಲಿ ಬೆಲೆ ಇದೆ, ಅವರನ್ನು ಕೊಟ್ಟು ಡ್ರಾಫ್ಟ್ ಪಿಕ್, ಅಂದರೆ ಪ್ರತಿ ವರ್ಷ ಲೀಗಿಗೆ ಬರುವ ಹೊಸ ಹುಡುಗರನ್ನು ಆರಿಸುವ ಸರದಿ, ತಗೋಬೇಕು. ಸೀಸನ್ ಹೇಗೂ ಹೋಯಿತು, ಇನ್ನೂ ಸೋತು ಕೊನೆಯ ಸ್ಥಾನ ಗಟ್ಟಿ ಮಾಡಿಕೊಂಡು, ಆ ಸರದಿ ನಿರ್ಧರಿಸುವ ಲಾಟರಿಯಲ್ಲಿ ಮೊದಲ ಪಿಕ್‌ಗೆ ಕಾಯಬೇಕು. ಟ್ಯಾಂಕ್ ಮಾಡೋದು ಅಂತಾರಲ್ಲ, ಅದು. 2021ರಲ್ಲಿ ಕೇಡ್ ನಮಗೆ ಸಿಕ್ಕಿದ್ದು ಮೊದಲ ಪಿಕ್ಕಿನಲ್ಲೇ, ಹಾಗಾಗಿ ಭಾವನಿಗೆ ಆ ದಾರಿಯ ಮೇಲೆ ಭಾರೀ ನಂಬಿಕೆ.

ನನಗೆ ಆ ನಂಬಿಕೆ ಯಾವತ್ತೂ ಬರಲಿಲ್ಲ. ಲಾಟರಿಯ ಲೆಕ್ಕ ಬಿಡಿಸಿ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. 2019ರಲ್ಲಿ ಬಂದ ನಿಯಮದಲ್ಲಿ ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಸಾಧ್ಯತೆ ತಲಾ 14%. ಎಲ್ಲರಿಗಿಂತ ಕೆಟ್ಟ ತಂಡವಾದರೆ ಐದನೇ ಪಿಕ್‌ಗಿಂತ ಕೆಳಗೆ ಜಾರಲ್ಲ ಅನ್ನೋದಷ್ಟೇ ಲಾಭ. ಆದರೆ ಆ ಐದನೆಯದಕ್ಕೇ ಬೀಳುವ ಸಾಧ್ಯತೆ 47.9%! ಅಂದರೆ ಒಂದಿಡೀ ವರ್ಷ ಸೋತು, ಕೊನೆಗೆ ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ ಐದನೇ ಪಿಕ್ ತಗೊಂಡು ಮನೆಗೆ ಬರೋದು. 2023ರ ಮೇ ತಿಂಗಳಲ್ಲಿ ಆಗಿದ್ದೂ ಅದೇ. 17 ಗೆಲುವು, 65 ಸೋಲಿನೊಂದಿಗೆ ಲೀಗಿನಲ್ಲೇ ಕೊನೆಯವರಾಗಿ ವಿಕ್ಟರ್ ವೆಂಬನ್ಯಾಮಾ ಬರುತ್ತಾನೆ ಅಂತ ಕಾದಿದ್ದೆವು. ಅವನು ಸ್ಯಾನ್ ಆಂಟೋನಿಯೊಗೆ ಹೋದ. ನಮಗೆ ಐದನೇ ಪಿಕ್.

ಇದನ್ನೇ ಹೇಳಿದೆ. "ಭಾವ, ನೀವು ಹೇಳೋ ದಾರೀಲಿ ಒಂದು ಸಲ ಹೋಗಿ ನೋಡಿದ್ವಲ್ಲ?"

"ಒಂದು ಸಲ ಅದೃಷ್ಟ ಕೈಕೊಟ್ಟಿತು ಅಂತ ಬಿಟ್ಟುಬಿಡೋಕಾಗುತ್ತಾ?" ಅಂದರು.

ಹಿಂದಿನ ಸೀಟಿನಿಂದ ಅಕ್ಕನ ಮಗ ಬಾಯಿ ಹಾಕಿದ. ಅವನ ಸಿಟ್ಟೆಲ್ಲ ಜೇಡನ್ ಐವಿಯನ್ನು ಬೆಂಚಿನಲ್ಲಿ ಕೂರಿಸಿದ್ದರ ಬಗ್ಗೆ. 2022ರ ಐದನೇ ಪಿಕ್ ಐವಿ. ಗಾಳಿಯ ಹಾಗೆ ಓಡುವ ಹುಡುಗ. ಅವನನ್ನು ಬಿಟ್ಟು ಸೀಸನ್ನಿನ ಶುರುವಿನಲ್ಲಿ ಕಿಲಿಯನ್ ಹೇಯ್ಸ್‌ನನ್ನು ಮೊದಲ ಐವರಲ್ಲಿ ಆಡಿಸಿದ್ದರು. ಹೇಯ್ಸ್ ಚೆಂಡು ಚೆನ್ನಾಗಿ ಹಂಚುತ್ತಾನೆ, ಡಿಫೆನ್ಸ್ ಮಾಡುತ್ತಾನೆ, ಆದರೆ ಹೊಡೆತ ಬುಟ್ಟಿಗೆ ಬೀಳೋದು ಕಡಿಮೆ.

"ಮಾಮ, ಇಲ್ಲಿ ನೋಡು" ಅಂದ. ಕಾರಿನ ಕಿಟಕಿಗೆ ಒಳಗಡೆ ಮಂಜು ಕಟ್ಟಿತ್ತು. ಅದರ ಮೇಲೆ ಬೆರಳಿನಿಂದ ಅರ್ಧ ಅಂಗಳ ಬರೆದ. ಬುಟ್ಟಿಗೆ ಒಂದು ಸೊನ್ನೆ. ನಮ್ಮವರಿಗೆ ಐದು ಚುಕ್ಕೆ, ಎದುರಾಳಿಗಳಿಗೆ ಐದು ಗೀಟು. ಕೇಡ್ ಮೇಲುಗಡೆ ಚೆಂಡು ಹಿಡಿದಿದ್ದಾನೆ. ಒಂದು ಮೂಲೆಯಲ್ಲಿ ಆಸರ್ ಥಾಂಪ್ಸನ್, ಇನ್ನೊಂದು ಕಡೆ ಹೇಯ್ಸ್. ಬುಟ್ಟಿಯ ಹತ್ತಿರ ಜೇಲನ್ ಡ್ಯುರೆನ್. ದೂರದಿಂದ ಹೊಡೆಯಬಲ್ಲವನು ಇವರಲ್ಲಿ ಯಾರೂ ಇಲ್ಲ. ಹಾಗಾಗಿ ಆಸರ್‌ನನ್ನು ಕಾಯಬೇಕಾದವನು ಅವನ ಹತ್ತಿರ ಇರೋದೇ ಇಲ್ಲ. ಅವನು ಬೆನ್ನು ತಿರುಗಿಸಿ, ಒಂದು ಕಾಲು ಪೇಂಟಿನೊಳಗೆ, ಅಂದರೆ ಬುಟ್ಟಿಯ ಮುಂದಿನ ಚೌಕದೊಳಗೆ, ಇಟ್ಟು, ಕೇಡ್‌ನನ್ನೇ ನೋಡುತ್ತಾ ನಿಂತಿರುತ್ತಾನೆ. ಹೇಯ್ಸ್‌ನನ್ನು ಕಾಯುವವನೂ ಅಷ್ಟೇ. ಡ್ಯುರೆನ್‌ನ ಕಾವಲುಗಾರ ಹೇಗೂ ಅಲ್ಲೇ ಇದ್ದಾನೆ. ಕೇಡ್ ತನ್ನ ಎದುರಿಗಿದ್ದವನನ್ನು ದಾಟಿ ಒಳಗೆ ನುಗ್ಗಿದರೆ ಕಾಣೋದು ಮೂರು ಜೊತೆ ಕೈ. ಮೂಲೆಯಲ್ಲಿ ಆಸರ್ ಎರಡೂ ಅಂಗೈ ತೆರೆದು ಚೆಂಡಿಗೆ ಕಾಯುತ್ತಿರುತ್ತಾನೆ, ಅವನಿಗೆ ಹೋಗಲಿ ಅಂತಲೇ ಎದುರಾಳಿಗಳೂ ಬಿಟ್ಟಿರುತ್ತಾರೆ.

ಹುಡುಗ ಮೂರು ಗೀಟುಗಳ ಸುತ್ತ ಬೆರಳಿನಿಂದ ಸುತ್ತು ಹಾಕಿದ. "ಇಲ್ಲಿ ಯಾರು ತಾನೇ ಏನು ಮಾಡಕ್ಕಾಗತ್ತೆ?"

ಆ ಕಿಟಕಿಯ ಚಿತ್ರ ನನಗೆ ತುಂಬ ಇಷ್ಟವಾಯಿತು. ಯಾಕಂದರೆ ನಾನು ವಾರಗಟ್ಟಲೆ ಹೇಳುತ್ತಿದ್ದದ್ದೂ ಅದನ್ನೇ. ಡ್ಯುರೆನ್ ಸಾಲದು, ಐವಿ ಸಾಲದು, ಆಸರ್ ಸಾಲದು ಅಂತ ತೀರ್ಪು ಕೊಡುವ ಮೊದಲು ಅವರನ್ನು ಯಾರ ಪಕ್ಕದಲ್ಲಿ ನಿಲ್ಲಿಸಿದ್ದೀರಿ ನೋಡಿ. ಇಪ್ಪತ್ತು ಇಪ್ಪತ್ತೆರಡರ ಹುಡುಗರು. ಉಸಿರಾಡಲು ಜಾಗವಿಲ್ಲದ ಕಡೆ ಬಿಟ್ಟು, ಓಡಲಿಲ್ಲ ಅಂತ ಬೈಯೋದು ನ್ಯಾಯ ಅಲ್ಲ. ಮೂರು ಜನ ಶೂಟರ್‌ಗಳನ್ನು ತನ್ನಿ. ಲೀಗಿನಲ್ಲಿ ಹತ್ತು ವರ್ಷ ನೋಡಿದ ಒಬ್ಬಿಬ್ಬರನ್ನು ತನ್ನಿ. ಆಮೇಲೆ ಈ ಹುಡುಗರ ಬಗ್ಗೆ ಮಾತಾಡೋಣ.

ಅಷ್ಟು ಹೊತ್ತು ಸುಮ್ಮನಿದ್ದ ಹಿರಿಯರು ಆಗ ಬಾಯಿ ಬಿಟ್ಟರು. ಅವರು 1989, 1990ರ ‘ಬ್ಯಾಡ್ ಬಾಯ್ಸ್’ ಅಂತ ಕರೆಸಿಕೊಂಡ ಪಿಸ್ಟನ್ಸ್ ತಂಡದ ಚಾಂಪಿಯನ್‌ಶಿಪ್‌ಗಳನ್ನೂ ಕಂಡವರು, 2004ರದ್ದನ್ನೂ ಕಂಡವರು. ಐವಿಯ ಬಗ್ಗೆ ಅವರಿಗೆ ವಿಶೇಷ ಅಕ್ಕರೆ. ಅವನ ಅಜ್ಜ ಜೇಮ್ಸ್ ಹಂಟರ್ ಇದೇ ಊರಿನ ಲಯನ್ಸ್ ಫುಟ್‌ಬಾಲ್ ತಂಡಕ್ಕೆ ಆಡಿದವರು. ತಾಯಿ ನಿಯೆಲ್ ಐವಿ ಇಲ್ಲಿನ ಮಹಿಳಾ ತಂಡ ಡೆಟ್ರಾಯ್ಟ್ ಶಾಕ್‌ನಲ್ಲಿ ಆಡಿದವರು. "ಅವನು ಮನೆಮಗ, ಮಾರೋ ಮಾತೇ ಆಡಬೇಡಿ" ಅಂದರು.

ಆಮೇಲೆ ಭಾವನ ಕಡೆ ತಿರುಗಿ 2004ರ ತಂಡವನ್ನು ಒಬ್ಬೊಬ್ಬರಾಗಿ ಎಣಿಸಿದರು. ಬೆನ್ ವಾಲೇಸ್: ಡ್ರಾಫ್ಟಿನಲ್ಲಿ ಯಾರೂ ಆರಿಸದಿದ್ದವನು. 2000ದಲ್ಲಿ ಗ್ರಾಂಟ್ ಹಿಲ್ ನಮ್ಮನ್ನು ಬಿಟ್ಟು ಆರ್ಲಾಂಡೊಗೆ ಹೋದಾಗ ಬದಲಿಗೆ ಬಂದವನು. ಚಾನ್ಸಿ ಬಿಲಪ್ಸ್: ತಂಡದಿಂದ ತಂಡಕ್ಕೆ ಕೈಬದಲಾಗಿ ಇಲ್ಲಿಗೆ ಬಂದವನು, ಕೊನೆಗೆ ಫೈನಲ್ಸಿನ ಶ್ರೇಷ್ಠ ಆಟಗಾರ. ರಿಚರ್ಡ್ ಹ್ಯಾಮಿಲ್ಟನ್: 2002ರಲ್ಲಿ ಜೆರ್ರಿ ಸ್ಟ್ಯಾಕ್‌ಹೌಸ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ತಂದವನು. ರಶೀದ್ ವಾಲೇಸ್: ಅದೇ ಸೀಸನ್ನಿನ ಫೆಬ್ರವರಿಯಲ್ಲಿ ಬಂದವನು. ಐವರಲ್ಲಿ ನಾವೇ ಡ್ರಾಫ್ಟಿನಲ್ಲಿ ಆರಿಸಿ ಬೆಳೆಸಿದ್ದು ಟೇಶಾನ್ ಪ್ರಿನ್ಸ್ ಒಬ್ಬನನ್ನೇ. ಅದೂ 23ನೇ ಪಿಕ್. ಈ ಐವರು ಶಾಕಿಲ್ ಓನೀಲ್, ಕೋಬಿ ಬ್ರಯಂಟ್ ಇದ್ದ ಲೇಕರ್ಸ್ ತಂಡವನ್ನು 4-1ರಲ್ಲಿ ಮಣಿಸಿದರು.

"ಆ ತಂಡದಲ್ಲೂ ಎರಡನೇ ಪಿಕ್ ಒಬ್ಬ ಇದ್ದ" ಅಂದರು ಹಿರಿಯರು. 2003ರಲ್ಲಿ ಕಾರ್ಮೆಲೋ ಆಂಥನಿ, ಕ್ರಿಸ್ ಬಾಶ್, ಡ್ವೇನ್ ವೇಡ್ ಮೂವರೂ ಇನ್ನೂ ಸಿಗುವಂತಿದ್ದಾಗ ನಾವು ಆರಿಸಿದ ಡಾರ್ಕೊ ಮಿಲಿಚಿಚ್. ಅವನು ಬೆಂಚಿನಲ್ಲೇ ಉಳಿದ.

ಭಾವ ಒಪ್ಪಲಿಲ್ಲ. ಅದು ಬೇರೆ ಕಾಲ, ಈಗ ಒಬ್ಬ ದೊಡ್ಡ ಸ್ಟಾರ್ ಇಲ್ಲದೆ ಆಗಲ್ಲ ಅಂದರು. ಕೇಡ್ ಅಂಥ ಸ್ಟಾರ್ ಅಲ್ವಾ ಅಂತ ನಾನು. ಒಬ್ಬ ಸಾಲದು ಅಂತ ಅವರು. ಐ-75ರಲ್ಲಿ ಟ್ರಾಯ್ ತಲುಪುವವರೆಗೂ ಇದೇ ನಡೆಯಿತು. ಹಿರಿಯರನ್ನು ಇಳಿಸಿದ ಮೇಲೂ ಅವರ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಮಾತಾಡಿದೆವು.

ಫೆಬ್ರವರಿಯಲ್ಲಿ ಭಾವ ಹೇಳಿದಂತೆಯೇ ಬೊಗ್ಡಾನೊವಿಚ್, ಬರ್ಕ್ಸ್ ಇಬ್ಬರೂ ನ್ಯೂಯಾರ್ಕಿಗೆ ಹೋದರು. ಹೇಯ್ಸ್‌ನನ್ನು ತಂಡ ಬಿಟ್ಟುಕೊಟ್ಟಿತು. ನ್ಯೂಯಾರ್ಕಿನಿಂದ ಬಂದವರಲ್ಲಿ ಆ ರಾತ್ರಿ ಟೊರಾಂಟೊ ಬಿಟ್ಟಿದ್ದ ಮಲಾಕೈ ಫ್ಲಿನ್ ಕೂಡ ಇದ್ದ. ಏಪ್ರಿಲ್ 3ರಂದು ಅಟ್ಲಾಂಟಾದಲ್ಲಿ ಬೆಂಚಿನಿಂದ ಎದ್ದು ಬಂದು 50 ಪಾಯಿಂಟ್ ಹೊಡೆದ. ಅವತ್ತೂ ನಾವು ಸೋತೆವು. ಸೀಸನ್ ಮುಗಿದಾಗ 14 ಗೆಲುವು, 68 ಸೋಲು. ಮೇ ತಿಂಗಳಲ್ಲಿ ಮತ್ತೆ ಲಾಟರಿ, ಮತ್ತೆ ಐದನೇ ಪಿಕ್. ಮೊದಲ ಪಿಕ್ ಹೋಗಿದ್ದು ಬರೀ 3% ಸಾಧ್ಯತೆಯಿದ್ದ ಅಟ್ಲಾಂಟಾಗೆ. ಅವತ್ತು ಭಾವ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅವರಿಗೆ ನೋವಾಗಿದೆ ಅಂತ ಗೊತ್ತಿತ್ತು.

ಬೇಸಿಗೆಯಲ್ಲಿ ಆಡಳಿತ ಬದಲಾಯಿತು. ತಂಡ ಕಟ್ಟುವ ಹೊಣೆಗೆ ಟ್ರಜಾನ್ ಲ್ಯಾಂಗ್ಡನ್ ಬಂದರು. ಹಿಂದಿನ ವರ್ಷವಷ್ಟೇ ಆರು ವರ್ಷದ ಕರಾರು ಮಾಡಿಕೊಂಡಿದ್ದ ಕೋಚ್ ಹೋದರು, ಜೆ.ಬಿ. ಬಿಕರ್‌ಸ್ಟಾಫ್ ಕೋಚ್ ಆದರು. ಟೋಬಿಯಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಮಲಿಕ್ ಬೀಸ್ಲಿ ಬಂದರು. ಪಟ್ಟಿ ಓದಿದಾಗ ಭಾವನಿಗೆ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಕಿಟಕಿಯ ಮೇಲಿನ ಆ ಚುಕ್ಕೆಗಳು ಅಗಲಕ್ಕೆ ಸರಿದ ಹಾಗೆ ಕಂಡಿತು. ಬೀಸ್ಲಿ ಆ ಸೀಸನ್ನಿನಲ್ಲಿ 319 ತ್ರೀ ಪಾಯಿಂಟರ್ (ದೂರದಿಂದ ಹಾಕುವ ಮೂರು ಪಾಯಿಂಟಿನ ಹೊಡೆತ) ಹಾಕಿದ. ಅವನು ನಿಂತ ಕಡೆ ಕಾವಲುಗಾರನೂ ನಿಲ್ಲಲೇಬೇಕು, ಪೇಂಟಿನ ಕಡೆ ಇಣುಕುವ ಹಾಗಿಲ್ಲ. ಕೇಡ್‌ಗೆ ದಾರಿ ತೆರೆಯಿತು. ಐವಿಗೂ ತೆರೆಯಿತು. ಆದರೆ 2025ರ ಜನವರಿ 1ರಂದು ಆರ್ಲಾಂಡೊ ಎದುರಿನ ಪಂದ್ಯದಲ್ಲಿ ಐವಿಯ ಎಡಗಾಲು ಮುರಿಯಿತು. ಅಕ್ಕನ ಮಗ ಅವತ್ತು ರಾತ್ರಿ ಊಟ ಬಿಟ್ಟ. ತಂಡ ಮಾತ್ರ ನಿಲ್ಲಲಿಲ್ಲ. 44-38. ಹಿಂದಿನ ವರ್ಷ 14 ಗೆದ್ದವರು ಈಗ 44. ಮೂರು ಪಟ್ಟಿಗಿಂತ ಜಾಸ್ತಿ. ಕೇಡ್, ಡ್ಯುರೆನ್, ಆಸರ್, ಐಸಾಯಾ ಸ್ಟೂವರ್ಟ್, ಎಲ್ಲ ಅದೇ ಹುಡುಗರು.

ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ನಿಕ್ಸ್ ಎದುರು 100-94ರಲ್ಲಿ ಗೆದ್ದಾಗ 2008ರಿಂದ ಎಳೆದುಕೊಂಡು ಬಂದಿದ್ದ ಪ್ಲೇಆಫ್ (ಸೀಸನ್ ನಂತರದ ನಾಕೌಟ್ ಸರಣಿಗಳು) ಸೋಲುಗಳ ಸರಪಳಿ ತುಂಡಾಯಿತು. ಸತತ 15 ಸೋಲು, ಅದೂ ಲೀಗಿನ ದಾಖಲೆಯೇ. ನಮ್ಮ ಹಿರಿಯರು ಫೋನಿನಲ್ಲಿ ಅಳುತ್ತಿದ್ದರು. ಆದರೆ ಸರಣಿ ಕೈತಪ್ಪಿತು. ಮೇ 1ರಂದು ಆರನೇ ಪಂದ್ಯದಲ್ಲಿ 4.3 ಸೆಕೆಂಡ್ ಬಾಕಿ ಇರುವಾಗ ಜೇಲನ್ ಬ್ರನ್ಸನ್ ಆಸರ್‌ನನ್ನು ದಾಟಿ ತ್ರೀ ಹೊಡೆದ. 116-113.

ಮಾರನೇ ದಿನ ಬೆಳಿಗ್ಗೆ ಭಾವನ ಫೋನ್. ಹಲೋ ಕೂಡ ಇಲ್ಲ.

"ಕೇಡ್ ಪಕ್ಕದಲ್ಲಿ ಇನ್ನೊಬ್ಬ ಸ್ಕೋರರ್ ಬೇಕು ಕಣೋ. ಡ್ಯುರೆನ್‌ನ ಕೊಟ್ಟಾದರೂ ತರಬೇಕು."

"ಐವಿ ಕಾಲು ಸರಿಹೋಗಲಿ ಭಾವ" ಅಂದೆ. ಅವರು ಜೋರಾಗಿ ಬೇಡ ಅಂದರು. ಹಿಂದಿನಿಂದ ಅಕ್ಕನ ಮಗ ಅವರಿಗಿಂತ ಜೋರಾಗಿ "ಡ್ಯುರೆನ್‌ನ ಯಾಕೆ ಕೊಡ್ತೀರಾ ಅಪ್ಪಾ?" ಅಂತ ಕೂಗಿದ. ಫೋನನ್ನು ಸ್ಪೀಕರಿಗೆ ಹಾಕಿ ಅಂದೆ.