ಮೇಷ್ಟ್ರು ಮೊದಲು ಹೊಟ್ಟೆ ನೋಡುತ್ತಿದ್ದರು

ಪ್ರಾಣಿಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗಿನಿಂದ ನಮ್ಮ ತಂಡದವರ ಮಾತೆಲ್ಲ ಗೋಬಿ ಮೀನುಗಳ ಸುತ್ತಲೇ. ಪಠ್ಯದಲ್ಲಿ ಏನಿತ್ತೋ ಯಾರಿಗೂ ನೆನಪಿಲ್ಲ. ಬೆರಳುದ್ದವೂ ಇಲ್ಲದ ಮೀನನ್ನು ಅವರು ಟ್ರೇಯಲ್ಲಿ ಅಂಗಾತ ಮಲಗಿಸುತ್ತಿದ್ದ ರೀತಿ ಮಾತ್ರ ಎಲ್ಲರಿಗೂ ನೆನಪಿದೆ.

ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆ ಕೂಡಿಕೊಂಡು ಬಟ್ಟಲಿನಂತಿದ್ದರೆ ಗೋಬಿ ಇರಬಹುದು. "ಇರಬಹುದು, ಅಷ್ಟೇ" ಎನ್ನುತ್ತಿದ್ದರು. ಕೆಲವು ಗೋಬಿಗಳಲ್ಲಿ ಅವು ಬಿಡಿಯಾಗಿಯೇ ಇರುತ್ತವೆ. ಆಮೇಲೆ ಬೆನ್ನು: ಎರಡು ರೆಕ್ಕೆ, ಮೊದಲನೆಯದರಲ್ಲಿ ಸಾಮಾನ್ಯವಾಗಿ 6 ಬಳುಕುವ ಮುಳ್ಳು. ಬೇರೆ ಮೀನುಗಳ ಪಕ್ಕೆಯುದ್ದಕ್ಕೂ ಕಾಣುವ ಸಂವೇದನೆಯ ಗೆರೆ, ಅಂದರೆ ಪಾರ್ಶ್ವರೇಖೆ, ಮೈಮೇಲೆ ಇರುವುದಿಲ್ಲ. ಎದೆರೆಕ್ಕೆಯ ಮೇಲಿನ ಕಡ್ಡಿಗಳನ್ನು ಸೂಜಿಮೊನೆಯಿಂದ ಎತ್ತಿ ನೋಡಬೇಕು. ಪೊರೆಯಿಲ್ಲದೆ ಎಳೆಎಳೆಯಾಗಿ ಬಿಡಿಸಿಕೊಂಡರೆ ಬ್ಯಾಥಿಗೋಬಿಯಸ್ ಕುಲವನ್ನು (ಕುಲವೆಂದರೆ ಹತ್ತಿರದ ಜಾತಿಗಳ ಗುಂಪು) ಮೊದಲು ಪರಿಶೀಲಿಸಬೇಕು. ಕೆನ್ನೆಯ ಸೂಕ್ಷ್ಮ ಗುಬುಟುಗಳ ಸಾಲು ಅಡ್ಡವೋ ಉದ್ದವೋ ಎಂಬುದರಲ್ಲೇ ಎಷ್ಟೋ ಕುಲಗಳ ಗುಟ್ಟಿದೆ. ಅದು ಕಾಣಬೇಕಾದರೆ ಮೇಲಿನ ದ್ರವ ಒರೆಸಿ, ಸೂಕ್ಷ್ಮದರ್ಶಕದಡಿ ಪಕ್ಕದಿಂದ ಓರೆಯಾಗಿ ಬೆಳಕು ಬಿಡಬೇಕು.

ಒಮ್ಮೆ ಹಿಂದಿನ ಬೆಂಚಿನವರು ಗೋಬಿಯ ಬಾಟಲಿಗೆ ನೋಡಲು ಅದರಂತೆಯೇ ಇರುವ ಬ್ಲೆನಿ ಮೀನು ಹಾಕಿ, ಚೀಟಿಯನ್ನು ಹಾಗೇ ಬಿಟ್ಟರು. ಮೇಷ್ಟ್ರು ಮುಚ್ಚಳವನ್ನೂ ತೆಗೆಯಲಿಲ್ಲ. "ಬೆನ್ನ ರೆಕ್ಕೆ ತಲೆಯಿಂದ ಬಾಲದವರೆಗೆ ಒಂದೇ. ಹೊಟ್ಟೆಯದು ಗಂಟಲ ಕೆಳಗೆ ಎರಡು ಕಡ್ಡಿ. ಇದನ್ನು ಗೋಬಿ ಮಾಡಿದ ಪುಣ್ಯಾತ್ಮ ಯಾರಪ್ಪಾ?" ಎಂದರು. ಶಿಕ್ಷೆಯಾಗಿ ಇಡೀ ಬೀರುವಿನ ಚೀಟಿಗಳನ್ನು ಪೆನ್ಸಿಲಿನಲ್ಲಿ ಹೊಸದಾಗಿ ಬರೆಯಬೇಕಾಯಿತು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕದಡಿಹೋಗುತ್ತದೆ; ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ. ಬಾಟಲಿಯೊಳಗಿನ ನಮ್ಮ ದುಂಡಕ್ಷರ ಇನ್ನೂ ಮಾಸಿಲ್ಲ ಎಂಬ ಜಂಭ ನಮಗುಂಟು.

ಹಿಡಿದ ಮೀನನ್ನು ಕೆಡದಂತೆ ಇಡುವ ಕ್ರಮ ತಪ್ಪಿದರೆ ಅವರಿಗೆ ಕೋಪ. ಜೀವಂತವಿದ್ದಾಗಲೇ ಚಿತ್ರ, ಏಕೆಂದರೆ ಬಣ್ಣ ಉಳಿಯದು. ಡಿಎನ್‌ಎಗಾಗಿ ರೆಕ್ಕೆಯ ಚೂರನ್ನು 95% ಆಲ್ಕೋಹಾಲಿಗೆ ಮೊದಲೇ ತೆಗೆದಿಡಬೇಕು. ಫಾರ್ಮಲಿನ್ ಅದನ್ನು ಕೆಡಿಸುತ್ತದೆ. ನಂತರ ರೆಕ್ಕೆಗಳನ್ನು ಬಿಡಿಸಿಟ್ಟು 10% ಫಾರ್ಮಲಿನ್, ಕೆಲವು ದಿನ ಕಳೆದು ನೀರಿನಲ್ಲಿ ನೆನೆಸಿ, ಕೊನೆಗೆ 70% ಆಲ್ಕೋಹಾಲ್.

ಈಗಿನ ಮಕ್ಕಳು ಮೇಲಿನಿಂದ ಒಂದು ಫೋಟೊ ಹೊಡೆದು ಮೊಬೈಲ್ ಹೇಳಿದ ಹೆಸರನ್ನು, ಯಾವ ಜಾತಿ ಎಲ್ಲಿ ಸಿಕ್ಕಿತೆಂದು ಚುಕ್ಕೆಯಿಟ್ಟು ತೋರಿಸುವ ನಕ್ಷೆಗೆ ಏರಿಸುತ್ತಾರೆ. ಅದರಲ್ಲಿ ಹೊಟ್ಟೆಯೂ ಇಲ್ಲ, ಕೆನ್ನೆಯೂ ಇಲ್ಲ. ಕುಲದವರೆಗೆ ಮಾತ್ರ ಗೊತ್ತಾದರೆ ಕುಲಕ್ಕೇ ನಿಲ್ಲಿಸಿ ಎನ್ನುತ್ತಿದ್ದರು ಮೇಷ್ಟ್ರು. ತಪ್ಪು ಹೆಸರಿನ ಒಂದು ಚುಕ್ಕೆ ಆ ಜಾತಿಯ ವ್ಯಾಪ್ತಿಯನ್ನೇ ಸುಳ್ಳಾಗಿ ಹಿಗ್ಗಿಸುತ್ತದೆ. ಅಕ್ಷಾಂಶ, ರೇಖಾಂಶ, ದಿನಾಂಕ, ಉಬ್ಬರವೋ ಇಳಿತವೋ, ಆಳ, ಲವಣಾಂಶ, ತಳ ಮರಳೋ ಕೆಸರೋ ಬಂಡೆಯೋ, ಇವೆಲ್ಲ ಬೇಕು. ಬಲೆಯ ಕಣ್ಣಿನ ಅಳತೆಯಂತೂ ಬೇಕೇ ಬೇಕು. ಕಣ್ಣು ದೊಡ್ಡದಾದರೆ ಗೋಬಿ ನುಸುಳಿಹೋಗುತ್ತದೆ, ಪುಸ್ತಕದಲ್ಲಿ "ಇಲ್ಲ" ಎಂದು ದಾಖಲಾಗುತ್ತದೆ.

ಈಗ ಆ ಬೀರು ನೋಡಿಕೊಳ್ಳುತ್ತಿರುವವರಲ್ಲಿ ಒಂದು ಕೋರಿಕೆ: ಆಗಾಗ ಮುಚ್ಚಳ ಬಿಗಿಮಾಡಿ, ಕಡಿಮೆಯಾದ ಆಲ್ಕೋಹಾಲ್ ತುಂಬಿಸಿ. ಒಣಗಿದ ಗೋಬಿಯ ಕೆನ್ನೆಯಲ್ಲಿ ಆ ಗುಬುಟುಗಳನ್ನು ಓದಲಾಗುವುದಿಲ್ಲ.